ಭಾನುವಾರದ ಅಭಿಮಾನಿಗೂ ಒಂದು ಶಿಳ್ಳೆ ಉಳಿಸಿ

1/10

ಸಿನಿಮಾ ಮಧ್ಯದಲ್ಲಿ ನೆಚ್ಚಿನ ನಟ ಇದ್ದಕ್ಕಿದ್ದಂತೆ ಪರದೆ ಮೇಲೆ ಬಂದ್ರೆ ನಿಮ್ಮ ಕೈ ಎಲ್ಲಿಗೆ ಹೋಗುತ್ತೆ? ಬಾಯಿಗೆ ಹೋದ್ರೆ ಶಿಳ್ಳೆ. ಜೇಬಿಗೆ ಹೋದ್ರೆ ಫೋನು. ಈ ಸರಣಿ ಜೇಬಿಗೆ ಕೈ ಹಾಕೋರ ವಿರುದ್ಧ.

ಹತ್ತು ಭಾಗ ಇದೆ, ಉದ್ದ ಜಾಸ್ತಿ. ಕಾಫಿ ಇಟ್ಕೊಂಡು ಓದಿ. ಬೈಯೋದಿದ್ರೆ ಬೈರಿ, ಆದ್ರೆ ಹತ್ತನೇದು ಓದಿ ಆಮೇಲೆ ಬೈರಿ.

ವಿಷಯ ಇಷ್ಟು. ನಗಿಸೋ ಸಿನಿಮಾದಲ್ಲಿ ದೊಡ್ಡ ನಟರೊಬ್ಬರು ಕೆಲವೇ ನಿಮಿಷ ಬಂದು ಹೋಗ್ತಾರೆ. ಹಳೇ ಟೈಟಲ್ ಕಾರ್ಡ್ ಭಾಷೇಲಿ ಅವರು ಅತಿಥಿ ನಟರು, ಈಗಿನ ಮಾತಲ್ಲಿ ಅದು ಕ್ಯಾಮಿಯೋ. ಆ ಕೆಲವು ನಿಮಿಷ ಕೊಡೋ ಖುಷಿ ಸಣ್ಣದು ಅನ್ನೋರ ಜೊತೆ ನನಗೆ ಜಗಳ ಇದೆ. ಅದಕ್ಕಿಂತ ದೊಡ್ಡ ಜಗಳ ಇನ್ನೊಬ್ಬರ ಜೊತೆ. ಆ ಖುಷಿಗೋಸ್ಕರ ಪ್ರಾಣ ಬಿಡ್ತೀವಿ ಅಂತ ಹೇಳ್ಕೊಂಡು, ಮೊದಲ ಶೋನಲ್ಲೇ ಅದನ್ನ ಹದಿನೈದು ಸೆಕೆಂಡಿಗೆ ಕತ್ತರಿಸಿ ಊರಿಗೆಲ್ಲ ಹಂಚೋ ಅಭಿಮಾನಿಗಳು. ಅಂದ್ರೆ ಹೊರಗಿನೋರಲ್ಲ, ನಮ್ಮೋರೇ.

ಹೊರಗಿನೋರ ಜೊತೆ ಜಗಳ ಆಡೋದು ಸುಲಭ. ಅದನ್ನ ಮೊದಲು ಮುಗಿಸ್ಬಿಡೋಣ.

2/10

"ಮೂರು ನಿಮಿಷ ಬಂದಿದ್ದಕ್ಕೆ ಇಷ್ಟೊಂದು ಕುಣಿತಾರಾ ಇವ್ರು?" ಅಂತ ಮೂಗು ಮುರಿಯೋರಿಗೆ ಒಂದು ಇಂಗ್ಲಿಷ್ ಸಿನಿಮಾ ನೆನಪಿಸ್ತೀನಿ. 'ಝಾಂಬಿಲ್ಯಾಂಡ್'. 2009ರ ಅಕ್ಟೋಬರ್‌ನಲ್ಲಿ ಬಂತು, ರೂಬೆನ್ ಫ್ಲೈಶರ್ ನಿರ್ದೇಶನ. ಅಮೆರಿಕ ತುಂಬ ಝಾಂಬಿಗಳು. ಬದುಕುಳಿದಿರೋ ನಾಲ್ಕು ಜನ ಸುತ್ತಾಡ್ತಾ ಹಾಲಿವುಡ್ ತಾರೆಯರು ಇರೋ ಕಡೆ ಬಂದು, ಒಂದು ಭಾರಿ ಬಂಗಲೆ ಹೊಕ್ತಾರೆ. ಅದು ಬಿಲ್ ಮರ್ರೆ ಮನೆ. 'ಘೋಸ್ಟ್‌ಬಸ್ಟರ್ಸ್' ಸಿನಿಮಾದ ಬಿಲ್ ಮರ್ರೆ. ಮನೆ ಖಾಲಿ ಅಂದ್ಕೊಂಡ್ರೆ ಒಳಗೆ ಸಾಕ್ಷಾತ್ ಬಿಲ್ ಮರ್ರೆ ಬದುಕಿದ್ದಾರೆ! ಝಾಂಬಿಗಳು ಮುಟ್ಟದೇ ಇರ್ಲಿ ಅಂತ ಝಾಂಬಿ ಥರಾನೇ ಮೇಕಪ್ ಹಾಕ್ಕೊಂಡು ಓಡಾಡ್ಕೊಂಡಿದ್ದಾರೆ. ಬಿಲ್ ಮರ್ರೆ ಪಾತ್ರ ಮಾಡಿರೋದು ಬಿಲ್ ಮರ್ರೆ.

ಈ ನಾಲ್ವರಲ್ಲಿ ಟ್ಯಾಲಹಸ್ಸಿ ಅಂತ ಒಬ್ಬ, ವುಡಿ ಹ್ಯಾರೆಲ್ಸನ್ ಮಾಡಿರೋ ಪಾತ್ರ. ಝಾಂಬಿ ಹೊಡೆಯೋದ್ರಲ್ಲಿ ಎತ್ತಿದ ಕೈ, ಒರಟ. ಅವನು ಬಿಲ್ ಮರ್ರೆ ಅವರನ್ನ ನೋಡಿದ ಕ್ಷಣ ಸ್ಕೂಲ್ ಹುಡುಗ ಆಗ್ಬಿಡ್ತಾನೆ. ಪ್ರಪಂಚ ಮುಳುಗಿ ಹೋಗಿದೆ, ನಾಳೆ ಇದೆಯೋ ಇಲ್ವೋ ಗೊತ್ತಿಲ್ಲ. ಆದ್ರೂ ಇಷ್ಟದ ನಟ ಎದುರಿಗೆ ನಿಂತ ಅನ್ನೋ ಖುಷಿಗೆ ಅವನ ಕಾಲು ನೆಲದ ಮೇಲೆ ನಿಲ್ಲಲ್ಲ. ಜೊತೇಲಿರೋ ಪುಟ್ಟ ಹುಡುಗಿಗೆ ಈ ಮನುಷ್ಯ ಯಾರು ಅಂತಾನೇ ಗೊತ್ತಿಲ್ಲ.

ಅಭಿಮಾನ ಅಂದ್ರೆ ಇದೇ ಅಲ್ವಾ. ಪಕ್ಕದಲ್ಲಿ ಕೂತೋರಿಗೆ ಏನೂ ಅನ್ಸಲ್ಲ, ನಮಗೆ ಮಾತ್ರ ಎದೆ ಢವಢವ. ಥಿಯೇಟರ್‌ನಲ್ಲಿ ಕೂತಿರೋ ಅಭಿಮಾನಿಗೆ ಏನಾಗ್ತಿದೆಯೋ ಅದೇ ಪರದೆ ಮೇಲೆ ಟ್ಯಾಲಹಸ್ಸಿಗೂ ಆಗ್ತಿದೆ. ಕುಣಿಯೋರನ್ನ ನೋಡಿ ನಗೋರು ಈ ಸೀನ್ ಒಂದ್ಸಲ ನೋಡಿ. ಅಷ್ಟು ಖುಷಿ ಪಡೋಕೆ ಏನಾದ್ರೂ ಒಂದು ಇರೋನು ಪುಣ್ಯವಂತ.

3/10

ಈ ಬಿಲ್ ಮರ್ರೆ ಸೀನ್ ಹುಟ್ಟಿದ್ದೂ ಸಲೀಸಾಗಿ ಅಲ್ಲ. ಬರಹಗಾರರಾದ ರೆಟ್ ರೀಸ್ ಮತ್ತು ಪಾಲ್ ವರ್ನಿಕ್ ಈ ಜಾಗವನ್ನ ಮೊದಲು ಬರೆದಿದ್ದು ಪ್ಯಾಟ್ರಿಕ್ ಸ್ವೇಝಿ ಅವರಿಗೋಸ್ಕರ. ಅದು ಆಗಲಿಲ್ಲ. ಬೇರೆ ಬೇರೆ ನಟರ ಹೆಸರು ಬಂದು ಹೋದವು. ಕೊನೆಗೆ ವುಡಿ ಹ್ಯಾರೆಲ್ಸನ್ ಅವರೇ ಬಿಲ್ ಮರ್ರೆ ಅವರನ್ನ ಕೇಳಿ ಒಪ್ಪಿಸಿದ್ರು. ಇಷ್ಟೆಲ್ಲ ಕಷ್ಟಪಟ್ಟು ತಂದ ದೊಡ್ಡ ಹೆಸರನ್ನ ಟ್ರೈಲರ್‌ನಲ್ಲಿ ಹಾಕಿ ಮೆರೆಯಬಹುದಿತ್ತು. ಹಾಕಲಿಲ್ಲ. ಬಚ್ಚಿಟ್ರು.

ಯಾಕೆ ಅಂತ ಯೋಚನೆ ಮಾಡಿ. ಫೈಟ್ ಸಿನಿಮಾದಲ್ಲಿ ಸ್ಟಾರ್ ಬರೋದು ಮೊದಲೇ ಗೊತ್ತಿದ್ರೂ ಒಂದು ಮಟ್ಟಕ್ಕೆ ನಡೆಯುತ್ತೆ. ಹೊಡೆದಾಟ ಹೇಗಿರುತ್ತೆ ಅನ್ನೋ ಕುತೂಹಲ ಉಳಿಯುತ್ತೆ. ಕಾಮಿಡೀಲಿ ಹಾಗಲ್ಲ. ಅಲ್ಲಿ ಆ ನಟ ಬಂದಿದ್ದೇ ಜೋಕು. 2008ರ 'ಟ್ರಾಪಿಕ್ ಥಂಡರ್' ತಗೊಳ್ಳಿ. ಬೋಳು ತಲೆ, ದಪ್ಪ ಮೈ, ಬಾಯಿ ತೆಗೆದ್ರೆ ಬೈಗುಳ, ಹಂಗಿರೋ ಒಬ್ಬ ನಿರ್ಮಾಪಕ. ನೋಡ್ತಾ ನೋಡ್ತಾ "ಅಯ್ಯೋ, ಇದು ಟಾಮ್ ಕ್ರೂಸ್ ಕಣೋ" ಅಂತ ಹೊಳೆಯೋ ಆ ಒಂದು ಸೆಕೆಂಡ್ ಇದೆಯಲ್ಲ, ಅರ್ಧ ನಗು ಅಲ್ಲೇ ಇದೆ. ಯಾರೋ ಬಂದು ಮೊದಲೇ ಹೆಸರು ಹೇಳ್ಬಿಟ್ರೆ ಉಳಿಯೋದು ಮೇಕಪ್ ಅಷ್ಟೇ.

ಒಗ್ಗರಣೆ ಇದ್ದ ಹಾಗೆ ಇದು. ಬಾಣಲೆಯಲ್ಲಿ ಸಾಸಿವೆ ಚಟಪಟ ಅಂದು, ಸಾರಿಗೆ ಬಿದ್ದಾಗ ಚುಂಯ್ ಅನ್ನೋದು ಒಂದೇ ಸಲ. ಮಾರನೇ ದಿನ ಸಾರು ಬಿಸಿ ಮಾಡ್ಬಹುದು, ರುಚಿನೂ ಇರುತ್ತೆ. ಆ ಚುಂಯ್ ಮಾತ್ರ ವಾಪಸ್ ಬರಲ್ಲ.

ಇನ್ನೊಂದು ಸಣ್ಣ ಲೆಕ್ಕ. 'ಝಾಂಬಿಲ್ಯಾಂಡ್' ಬಂದಾಗ ನೀವು ಈಗ ಓದ್ತಿರೋ ಇನ್‌ಸ್ಟಾಗ್ರಾಂ ಹುಟ್ಟೇ ಇರಲಿಲ್ಲ. ಅದು ಶುರುವಾಗಿದ್ದು 2010ರ ಅಕ್ಟೋಬರ್‌ನಲ್ಲಿ. ಆಗಲೂ ಬಾಯಿ ಬಿಡೋರು ಇದ್ರು. ಆದ್ರೆ ಕೇಳಿದ್ರೂ ನೋಡಬೇಕು ಅಂದ್ರೆ ಟಿಕೆಟ್ ತಗೋಬೇಕಿತ್ತು. ಈಗ ಮಲಗಿದ್ದಲ್ಲೇ, ಬೇಡ ಅಂದ್ರೂ, ಹೆಬ್ಬೆರಳಿಗೆ ಸೀನೇ ಬಂದು ತಗುಲುತ್ತೆ.

4/10

"ಗೊತ್ತಾಗಿಬಿಟ್ರೆ ಏನು ಮಹಾ? ಯಾರು ಬರ್ತಾರೆ ಅಂತ ಹೇಗೂ ಪೋಸ್ಟರ್‌ನಲ್ಲೇ ಇರುತ್ತೆ." ಈ ಪ್ರಶ್ನೆ ಖಂಡಿತ ಬರುತ್ತೆ. ಅದಕ್ಕೆ ಉತ್ತರ ನಮ್ಮ ಕನ್ನಡದಲ್ಲೇ ಇದೆ.

'ಲಕ್ಕಿ ಮ್ಯಾನ್'. 2022ರ ಸೆಪ್ಟೆಂಬರ್ 9ರಂದು ಬಂತು. ಡಾರ್ಲಿಂಗ್ ಕೃಷ್ಣ ಹೀರೋ, ನಾಗೇಂದ್ರ ಪ್ರಸಾದ್ ನಿರ್ದೇಶನ, ತಮಿಳಿನ 'ಓ ಮೈ ಕಡವುಳೇ' ರೀಮೇಕ್. ನಗಿಸೋ ಲವ್ ಸ್ಟೋರಿ. ಮದುವೆ ಎಡವಟ್ಟಾಗಿ ಕೂತ ಹುಡುಗನಿಗೆ ಎರಡನೇ ಅವಕಾಶ ಕೊಡೋಕೆ ದೇವರೇ ಬರ್ತಾನೆ. ತಮಿಳಲ್ಲಿ ಆ ದೇವರು ವಿಜಯ್ ಸೇತುಪತಿ. ಕನ್ನಡದಲ್ಲಿ ನಮ್ಮ ಅಪ್ಪು.

ಅಪ್ಪು ಹೋಗಿದ್ದು 2021ರ ಅಕ್ಟೋಬರ್ 29. ಸಿನಿಮಾ ಬಂದಿದ್ದು ಹತ್ತು ತಿಂಗಳು ಕಳೆದ ಮೇಲೆ. ಅವರು ಇದರಲ್ಲಿದ್ದಾರೆ ಅಂತ ಇಡೀ ಕರ್ನಾಟಕಕ್ಕೆ ಗೊತ್ತಿತ್ತು. ದೇವರ ಪಾತ್ರ ಅಂತಾನೂ ಗೊತ್ತಿತ್ತು. ಪ್ರಭುದೇವ ಜೊತೆ ಹೆಜ್ಜೆ ಹಾಕಿದ್ದಾರೆ ಅಂತಾನೂ ಗೊತ್ತಿತ್ತು. ಬಚ್ಚಿಡೋಕೆ ಏನೂ ಉಳಿದಿರಲಿಲ್ಲ.

ಆದ್ರೂ ಆ ಮುಖ ದೊಡ್ಡ ಪರದೆ ತುಂಬ ನಕ್ಕಾಗ ಏನಾಯ್ತು ಅನ್ನೋದು ಒಳಗೆ ಕೂತೋರಿಗೆ ಗೊತ್ತು. ನಗೋ ಡೈಲಾಗಿಗೆ ನಗ್ತಾ ನಗ್ತಾನೇ ಕಣ್ಣು ಒದ್ದೆ. ನಮಗೆ ಎರಡನೇ ಸಲ ಸಿಗದ ಮನುಷ್ಯ, ಪರದೆ ಮೇಲೆ ಇನ್ಯಾರಿಗೋ ಎರಡನೇ ಅವಕಾಶ ಕೊಡ್ತಾ ಕೂತಿದ್ದಾರೆ. ಯಾವ ಪೋಸ್ಟರ್ ಓದಿ ಈ ಹೊಡೆತಕ್ಕೆ ತಯಾರಾಗೋಕೆ ಆಗುತ್ತೆ?

ಹಾಗಾಗಿ ಗೊತ್ತಿರೋದು ಬೇರೆ, ಮೊದಲ ಸಲ ನೋಡೋದು ಬೇರೆ. ಹೆಸರು ಪೋಸ್ಟರ್‌ನಲ್ಲಿದ್ರೆ ಅರ್ಧ ಹೋಯ್ತು ಅಂತಿಟ್ಕೊಳ್ಳಿ. ಉಳಿದ ಅರ್ಧ, ಹೇಗೆ ಬರ್ತಾರೆ, ಎಲ್ಲಿ ಬರ್ತಾರೆ, ಬಂದು ಏನ್ಮಾಡ್ತಾರೆ ಅನ್ನೋದು, ಇನ್ನೂ ಸಿನಿಮಾ ನೋಡದೇ ಇರೋರ ಆಸ್ತಿ. ಅದನ್ನ ಮುಟ್ಟೋ ಹಕ್ಕು ನಿಮಗೆ ಯಾರು ಕೊಟ್ರು?

5/10

ಈಗ ಅಸಲು ಕೇಸಿಗೆ ಬರೋಣ. 'ಜೈಲರ್'. 2023ರ ಆಗಸ್ಟ್ 10. ನೆಲ್ಸನ್ ಅವರ ಸಿನಿಮಾ ಅಂದ್ಮೇಲೆ ರಕ್ತ ಎಷ್ಟಿದೆಯೋ ನಗುನೂ ಅಷ್ಟೇ ಇದೆ. ನಮ್ಮ ಬೆಂಗಳೂರಲ್ಲೇ ಕಂಡಕ್ಟರ್ ಆಗಿದ್ದ ರಜನಿ ಸರ್ ಹೀರೋ. ಅವರ ಬೆನ್ನಿಗೆ ನಿಲ್ಲೋ ಹಳೇ ಸ್ನೇಹಿತರಾಗಿ ಮಲಯಾಳಂನಿಂದ ಮೋಹನ್‌ಲಾಲ್, ಹಿಂದಿಯಿಂದ ಜಾಕಿ ಶ್ರಾಫ್, ನಮ್ಮ ಕಡೆಯಿಂದ ಶಿವಣ್ಣ. ಪಾತ್ರದ ಹೆಸರು ನರಸಿಂಹ. ಇರೋದು ಕೆಲವೇ ನಿಮಿಷ.

ಶಿವಣ್ಣ ಇದ್ದಾರೆ ಅನ್ನೋದು ಬಿಡುಗಡೆಗೆ ತಿಂಗಳುಗಟ್ಟಲೆ ಮುಂಚೆಯೇ ಗೊತ್ತಿತ್ತು. ಆಗ ನಮ್ಮಲ್ಲೇ ಒಂದಷ್ಟು ಜನ, "1986ರಿಂದ ಹೀರೋ ಆಗಿರೋರು, ನೂರಕ್ಕೂ ಹೆಚ್ಚು ಸಿನಿಮಾ ಮಾಡಿರೋರು, ಬೇರೆ ಭಾಷೇಲಿ ಹೋಗಿ ಸಣ್ಣ ಪಾತ್ರ ಯಾಕೆ?" ಅಂತ ಮುಖ ಊದಿಸ್ಕೊಂಡ್ರು. ಸಿನಿಮಾ ಬಂತು. ಆ ನಡಿಗೆ, ಆ ಟಿಶ್ಯೂ ಡಬ್ಬ, ಹಿಂದೆ ಅನಿರುದ್ಧ್ ಮ್ಯೂಸಿಕ್. ಊದಿದ ಮುಖಗಳೆಲ್ಲ ಇಳಿದ್ವು. ಪಾತ್ರದ ಉದ್ದಕ್ಕೂ ಅದರ ತೂಕಕ್ಕೂ ಸಂಬಂಧ ಇಲ್ಲ ಅಂತ ತೋರಿಸೋಕೆ ಶಿವಣ್ಣನಿಗೆ ಒಂದು ಡೈಲಾಗೂ ಹೆಚ್ಚಿಗೆ ಬೇಕಾಗಲಿಲ್ಲ.

ಇಲ್ಲೇ ಒಂದು ವಿಷಯ ಗಮನಿಸಿ. ಆವತ್ತು ಬೆಂಗಳೂರಲ್ಲಿ ಬೆಳಿಗ್ಗೆ 6 ಗಂಟೆಗೇ ಶೋ ಶುರು. ತಮಿಳುನಾಡಲ್ಲಿ ನಸುಕಿನ ಶೋಗಳಿಗೆ ಅನುಮತಿ ಇರಲಿಲ್ಲ, ಅಲ್ಲಿ ಮೊದಲ ಶೋ 9ಕ್ಕೆ. ಮೂರು ಗಂಟೆ ವ್ಯತ್ಯಾಸ. ರಜನಿ ಸಿನಿಮಾವನ್ನ ಚೆನ್ನೈಗಿಂತ ಮೊದಲು ನೋಡೋ ಭಾಗ್ಯ ಬೆಂಗಳೂರಿಗೆ!

ಭಾಗ್ಯದ ಜೊತೆ ಒಂದು ಜವಾಬ್ದಾರಿನೂ ಬರುತ್ತೆ. ಮೂರು ಗಂಟೆ ಕಾಲ ಇನ್ನೊಂದು ಊರಿನ ಅಭಿಮಾನಿಗಳ ಖುಷಿ ನಮ್ಮ ಕೈಲಿ ಇತ್ತು. ಮೊದಲು ಊಟಕ್ಕೆ ಕೂತೋರು ಎರಡನೇ ಪಂಕ್ತಿ ಎಲೆಗೆ ಕೈ ಹಾಕಲ್ಲ. ನಮ್ಮೂರಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿರೋ ಮರ್ಯಾದೆ ಇದು. ಥಿಯೇಟರ್ ಒಳಗೆ ಹೋದ ತಕ್ಷಣ ಮರೆತು ಹೋಗೋದು ಯಾಕೆ?

6/10

ಚೆನ್ನೈ ಬಿಡಿ, ದೂರ. ಹತ್ತಿರದವರನ್ನ ನೋಡೋಣ.

2023ರ ಆಗಸ್ಟ್ 10 ಗುರುವಾರ. ಗುರುವಾರ ಬೆಳಿಗ್ಗೆ 6ಕ್ಕೆ ಥಿಯೇಟರ್‌ನಲ್ಲಿ ಯಾರು ಇರೋಕೆ ಸಾಧ್ಯ? ರಜೆ ಹಾಕೋಕೆ ಆಗೋರು, ಕಾಲೇಜ್ ಬಂಕ್ ಮಾಡೋರು, ಮೊದಲ ದಿನದ ರೇಟ್ ಕೊಡೋ ಶಕ್ತಿ ಇರೋರು. ತಪ್ಪೇನಿಲ್ಲ. ಅಭಿಮಾನಕ್ಕೆ ಖರ್ಚು ಮಾಡಿದ್ದಾರೆ, ಸಂತೋಷ.

ಆದ್ರೆ ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಣುಮಗಳಿಗೆ ವಾರದ ರಜೆ ಭಾನುವಾರ. ಹೋಟೆಲ್‌ನಲ್ಲಿ ಸಪ್ಲೈ ಮಾಡೋ ಹುಡುಗನಿಗೆ ಆ ಭಾನುವಾರನೂ ಇಲ್ಲ, ಮಂಗಳವಾರ ಮಧ್ಯಾಹ್ನ ಬಿಡುವು ಸಿಕ್ರೆ ಪುಣ್ಯ. ಆಟೋ ಅಣ್ಣ ದಿನದ ದುಡಿಮೆ ಬಿಟ್ಟು ಮೂರು ಗಂಟೆ ಕೂರೋಕೆ ಆಗಲ್ಲ. ಹೆಂಡತಿ ಮಕ್ಕಳನ್ನ ಕರ್ಕೊಂಡು ಹೋಗೋನು ರಶ್ ಕಡಿಮೆ ಆಗ್ಲಿ, ರೇಟ್ ಇಳೀಲಿ ಅಂತ ಎರಡನೇ ವಾರಕ್ಕೆ ಕಾಯ್ತಾನೆ. ತಾಲ್ಲೂಕಿನ ಆಚೆ ಹಳ್ಳೀಲಿರೋರು ಬಸ್ ಹಿಡಿದು ಪಟ್ಟಣಕ್ಕೆ ಬರೋದು ಸಂತೆ ಕೆಲಸವೋ ಆಸ್ಪತ್ರೆ ಕೆಲಸವೋ ಇದ್ದಾಗ. ಅದೇ ದಿನ ಸಿನಿಮಾನೂ ನೋಡ್ಕೊಂಡು ಹೋಗ್ತಾರೆ.

ಇವರ ಅಭಿಮಾನ ನಿಮ್ಮದಕ್ಕಿಂತ ಕಡಿಮೆನಾ? ಎಷ್ಟೋ ಸಲ ಜಾಸ್ತಿ. ನಟರ ಹೆಸರಲ್ಲಿ ಅನ್ನದಾನ ಮಾಡೋರು, ಆಟೋ ಹಿಂದೆ ಫೋಟೋ ಬರೆಸೋರು, ಹುಟ್ಟುಹಬ್ಬಕ್ಕೆ ರಕ್ತ ಕೊಡೋರು ಇವರೇ. ಮೊದಲ ದಿನದ ಟಿಕೆಟ್ ಮಾತ್ರ ಇವರ ಕೈಗೆ ಸಿಗಲ್ಲ.

ಕಟೌಟ್‌ಗೆ ಹಾರ ಹಾಕೋಕೆ ಆಗದೇ ಇದ್ರೂ ಪರವಾಗಿಲ್ಲ, ಆ ಸೀನ್ ಬಂದಾಗ ಬೆಚ್ಚಿ ಬಿದ್ದು ಒಂದು ಶಿಳ್ಳೆ ಹೊಡೀಬಹುದು. ಬಡವನ ಟಿಕೆಟಿಗೂ ಶ್ರೀಮಂತನ ಟಿಕೆಟಿಗೂ ಒಂದೇ ಥರ ಸಿಗೋದು ಅದೊಂದೇ. ಸೀಟು ಬೇರೆ, ಸ್ಕ್ರೀನು ಬೇರೆ, ಸೌಂಡು ಬೇರೆ, ಆ ಬೆಚ್ಚಿ ಬೀಳೋದು ಮಾತ್ರ ಒಂದೇ. ಗುರುವಾರದೋನು ತೆಗೆದ ಹದಿನೈದು ಸೆಕೆಂಡು ಭಾನುವಾರದೋನಿಂದ ಕಿತ್ಕೊಂಡಿದ್ದು ಅದನ್ನೇ. ಇದನ್ನ ನಾನು ಕಳ್ಳತನ ಅಂತಾನೇ ಕರೀತೀನಿ. ಸಣ್ಣ ಪದ ಹುಡುಕಲ್ಲ.

7/10

ಈಗ ನಿಮ್ಮ ವಾದಗಳು. ಗೊತ್ತು, ಕಾಮೆಂಟ್ ಬಾಕ್ಸ್‌ನಲ್ಲಿ ಟೈಪ್ ಆಗ್ತಾ ಇದೆ.

"ಫ್ರೀ ಪಬ್ಲಿಸಿಟಿ ಅಣ್ಣ. ಕ್ಲಿಪ್ ನೋಡಿ ಜನ ಥಿಯೇಟರ್‌ಗೆ ಬರ್ತಾರೆ." ಇದರಲ್ಲಿ ಸತ್ಯ ಇದೆ, ಒಪ್ತೀನಿ. 'ಜೈಲರ್' ಆದ್ಮೇಲೆ ಶಿವಣ್ಣ ಯಾರು ಅಂತ ಬೇರೆ ರಾಜ್ಯದ ಹುಡುಗ್ರು ಹುಡುಕಿ ಹುಡುಕಿ ನೋಡಿದ್ರು. ಅದರಲ್ಲಿ ಕ್ಲಿಪ್‌ಗಳ ಪಾಲೂ ಇದೆ. ಆದ್ರೆ ಹುಡುಕಿಸಿದ್ದು ಆ ಸೀನಿನ ಶಕ್ತಿ. ನೀವು ಮೊದಲ ದಿನ ಬೆಳಿಗ್ಗೆ ಎಂಟಕ್ಕೆ ಹಾಕಿದ್ರಿ ಅಂತ ಅಲ್ಲ. ಎರಡು ವಾರ ಬಿಟ್ಟು ಹಾಕಿದ್ರೂ ಹುಡುಕ್ತಿದ್ರು. ಅವಸರದಿಂದ ಲಾಭ ಆಗಿದ್ದು ನಿಮ್ಮ ಪೇಜಿನ ವ್ಯೂಸ್‌ಗೆ. ಶಿವಣ್ಣನ ಹೆಸರು ಹೇಳಿ ನಿಮ್ಮ ಅಂಗಡಿ ನಡೆಸ್ಬೇಡಿ.

"ಖುಷಿ ಆಯ್ತು, ಹಂಚ್ಕೊಂಡೆ. ಅಷ್ಟೇ." ಖುಷಿ ಹಂಚೋದಕ್ಕೂ ಸೀನ್ ಹಂಚೋದಕ್ಕೂ ವ್ಯತ್ಯಾಸ ಇದೆ. "ಶಿವಣ್ಣ ಬಂದಾಗ ಮೈ ಜುಂ ಅಂತು ಗುರು, ಬೇಗ ಹೋಗಿ ನೋಡಿ" ಅಂತ ಬರೆದ್ರೆ ನಿಮ್ಮ ಖುಷಿ ನನಗೂ ಬಂತು, ನನ್ನ ಖುಷಿ ನನಗೇ ಉಳೀತು. ಸೀನೇ ಹಾಕಿದ್ರೆ ನಿಮ್ಮದೂ ನಿಮಗೆ, ನನ್ನದೂ ನಿಮಗೆ.

"ನೋಡ್ಬೇಡ, ಸ್ಕ್ರೋಲ್ ಮಾಡು." ಹೇಗೆ ಮಾಡೋದು ಸ್ವಾಮಿ? ಆಪ್ ತೆಗೆದ ತಕ್ಷಣ ತಾನಾಗೇ ಓಡುತ್ತೆ. ನೋಡ್ಬಾರದು ಅಂತ ಗೊತ್ತಾಗೋಕೆ ಮುಂಚೆ ನೋಡಿ ಆಗಿರುತ್ತೆ. ಕಣ್ಣಿಗೆ ಖಾರದ ಪುಡಿ ಎರಚಿ, ಕಣ್ಣು ಮುಚ್ಕೋಬೇಕಿತ್ತು ಅಂತ ಹೇಳಿದ ಹಾಗಾಯ್ತು.

"ಎಲ್ರೂ ಹಾಕ್ತಾರೆ, ನಾನೊಬ್ಬ ಬಿಟ್ರೆ ಏನಾಗುತ್ತೆ?" ಹಾಲಿನ ಬದಲು ಒಂದು ಬಿಂದಿಗೆ ನೀರು ಸುರಿದ್ರೆ ಯಾರಿಗೂ ಗೊತ್ತಾಗಲ್ಲ ಅಂತ ಊರೆಲ್ಲ ನೀರೇ ಸುರಿದ ಕಥೆ ಗೊತ್ತಲ್ಲ. ಅಷ್ಟೇ.

ಇನ್ನೊಂದು ವಿಷಯ. ಫೋನ್ ಹಿಡಿದೋನಿಗೂ ಸುಖ ಇಲ್ಲ. ಫ್ರೇಮ್ ಸರಿ ಇದೆಯಾ, ಫೋಕಸ್ ಆಯ್ತಾ, ಮುಂದಿನೋರ ತಲೆ ಅಡ್ಡ ಬಂತಾ ಅಂತ ನೋಡೋದ್ರಲ್ಲೇ ಸೀನ್ ಮುಗೀತು. ವರ್ಷಗಟ್ಟಲೆ ಕಾದ ಕ್ಷಣವನ್ನ ಆರು ಇಂಚಿನ ಪರದೇಲಿ ನೋಡಿ ಬಂದ. ಹಿಂದಿನ ಸಾಲಿನೋನಿಗೆ ಪರದೆ ಬದಲು ಇವನ ಫೋನಿನ ಬೆಳಕು ಕಾಣ್ತು. ಒಂದು ಕ್ಲಿಪ್, ಎಷ್ಟು ಜನಕ್ಕೆ ನಷ್ಟ ನೋಡಿ.

8/10

ಅಭಿಮಾನಿಗಳಿಗೆ ಮಾತ್ರ ಬೈದು ಸುಮ್ಮನಾದ್ರೆ ಅನ್ಯಾಯ. ಪಾಪದಲ್ಲಿ ಪಾಲು ಇನ್ನೂ ಇಬ್ಬರಿಗಿದೆ.

ಒಂದು, ಸುದ್ದಿ ಪೇಜುಗಳು. "ಇಂತಿಂಥ ಸಿನಿಮಾದಲ್ಲಿ ಇಂತಿಂಥ ನಟನ ಸರ್ಪ್ರೈಸ್ ಎಂಟ್ರಿ!" ಅಂತ ದೊಡ್ಡಕ್ಷರದಲ್ಲಿ ಹೆಡ್ಡಿಂಗು, ಜೊತೆಗೆ ಮುಖ ಕಾಣೋ ಫೋಟೋ. ಹೆಡ್ಡಿಂಗಲ್ಲೇ ಹೇಳಿದ ಮೇಲೆ ಅದು ಯಾವ ಸೀಮೆ ಸರ್ಪ್ರೈಸು? ಕೆಳಗೆ ಎಲ್ಲೋ "ಮುಂದೆ ಕಥೆಯ ಗುಟ್ಟಿದೆ, ಎಚ್ಚರ" ಅಂತ ಒಂದು ಸಾಲು. ಮನೆಗೆ ಬೆಂಕಿ ಹಚ್ಚಿ ಬಾಗಿಲಿಗೆ ಬೋರ್ಡ್ ಹಾಕಿದ ಹಾಗೆ.

ಎರಡು, ನಿರ್ಮಾಪಕರು ಮತ್ತು ಪ್ರಚಾರದೋರು. ಬಿಡುಗಡೆ ದಿನದವರೆಗೂ ಬಾಯಿ ಕಟ್ಕೊಂಡು, ಮೊದಲ ದಿನದ ಕಲೆಕ್ಷನ್ ಸ್ವಲ್ಪ ಅಲ್ಲಾಡ್ತು ಅಂದ ತಕ್ಷಣ ಅತಿಥಿ ನಟರ ಪೋಸ್ಟರ್ ಬಿಟ್ಟುಬಿಡ್ತಾರೆ. ಅವರ ಕಷ್ಟ ಅರ್ಥ ಆಗುತ್ತೆ, ದುಡ್ಡು ಹಾಕಿದ್ದಾರೆ. ಆದ್ರೆ ಲೆಕ್ಕ ಹಾಕಿ ನೋಡಿ ಸರ್. ಮೂರು ನಿಮಿಷ ಬಂದು ಹೋಗೋ ನಟರ ಮುಖ ತೋರಿಸಿ ಜನರನ್ನ ಕರೆದ್ರೆ, ಬಂದೋರು ಉಳಿದ ಎರಡೂವರೆ ಗಂಟೆ ಅವರಿಗೋಸ್ಕರ ಕಾಯ್ತಾ ಕೂರ್ತಾರೆ. ನಿಮ್ಮ ಹೀರೋ, ನಿಮ್ಮ ಕಾಮಿಡಿ ನಟರು, ನಿಮ್ಮ ಡೈಲಾಗ್ ಬರೆದೋರು, ಎಲ್ಲರೂ ಅವರ ಕಣ್ಣಿಗೆ ಜಾಹೀರಾತಿನ ಥರ ಕಾಣ್ತಾರೆ. ಯಾವಾಗ ಮುಗಿಯುತ್ತೋ ಅಂತ. ಹೊರಗೆ ಬಂದು "ಇಷ್ಟೇನಾ?" ಅಂತಾರೆ. ಗೊತ್ತಿಲ್ಲದೇ ಬಂದೋನಿಗೆ ಅದೇ ಮೂರು ನಿಮಿಷ ಲಾಟರಿ ಹೊಡೆದ ಹಾಗೆ. ಅದೇ ಸೀನು, ಅದೇ ನಟ. ಒಬ್ಬನಿಗೆ ಬಾಕಿ ವಸೂಲಿ, ಇನ್ನೊಬ್ಬನಿಗೆ ಉಡುಗೊರೆ.

ಬಿಲ್ ಮರ್ರೆ ಅವರನ್ನ ಟ್ರೈಲರ್‌ನಿಂದ ದೂರ ಇಟ್ಟೋರಿಗೆ ಇದು ಗೊತ್ತಿತ್ತು. ಪರದೆ ಮೇಲೆ ಕೆಲವೇ ನಿಮಿಷ ಇದ್ದ ಅವರು, ಅಷ್ಟು ವರ್ಷ ಆದ್ಮೇಲೂ ಆ ಸಿನಿಮಾ ಅಂದ್ರೆ ಮೊದಲು ನೆನಪಾಗೋರಲ್ಲಿ ಒಬ್ಬರು.

9/10

ಇಲ್ಲಿವರೆಗೆ ಮನಸ್ಸಿನ ಮಾತು. ಈಗ ಕಾನೂನಿನ ಮಾತೂ ಒಂದು ಗೊತ್ತಿರಲಿ.

2023ರ ಜುಲೈನಲ್ಲಿ ಸಂಸತ್ತಿನ ಎರಡೂ ಸದನ ಸಿನಿಮಾಟೋಗ್ರಾಫ್ ತಿದ್ದುಪಡಿ ಮಸೂದೆ ಒಪ್ಪಿದ್ವು. ಅಂದ್ರೆ 'ಜೈಲರ್' ಬರೋಕೆ ಸ್ವಲ್ಪ ದಿನ ಮುಂಚೆ. ಅದರ ಪ್ರಕಾರ ನಕಲು ಮಾಡೋ ಅಥವಾ ಹಂಚೋ ಉದ್ದೇಶದಿಂದ ಥಿಯೇಟರ್ ಒಳಗೆ ಸಿನಿಮಾ ರೆಕಾರ್ಡ್ ಮಾಡೋದು ಅಪರಾಧ. ಇಡೀ ಸಿನಿಮಾ ಆಗಿರಬೇಕಂತ ಇಲ್ಲ, ಅದರ ಒಂದು ಭಾಗ ಆದ್ರೂ ಸಾಕು. ಶಿಕ್ಷೆ ಕನಿಷ್ಠ 3 ತಿಂಗಳು, ಗರಿಷ್ಠ 3 ವರ್ಷ ಜೈಲು. ದಂಡ ಕನಿಷ್ಠ 3 ಲಕ್ಷ ರೂಪಾಯಿ, ಸಿನಿಮಾ ತಯಾರಿಕೆಗೆ ಆದ ಒಟ್ಟು ಖರ್ಚಿನ ಶೇಕಡಾ 5ರವರೆಗೂ ಹೋಗಬಹುದು. ದೊಡ್ಡ ಬಜೆಟ್ ಸಿನಿಮಾದಲ್ಲಿ ಆ 5 ಪರ್ಸೆಂಟ್ ಎಷ್ಟಾಗುತ್ತೆ ಅಂತ ನೀವೇ ಲೆಕ್ಕ ಹಾಕಿ.

ಇದನ್ನ ಹೆದರಿಸೋಕೆ ಹೇಳ್ತಿಲ್ಲ. ಪೊಲೀಸಿನೋರು ಬಂದು ಪ್ರತಿ ಸಾಲಿನಲ್ಲೂ ಟಾರ್ಚ್ ಬಿಡ್ಬೇಕು ಅಂತಾನೂ ನನ್ನ ಆಸೆ ಅಲ್ಲ. ಟಿಕೆಟ್ ತಗೊಂಡು ಬಂದ ಹುಡುಗನ ಕಾಲರ್ ಹಿಡಿಯೋ ಥಿಯೇಟರ್‌ನಲ್ಲಿ ಯಾರಿಗೆ ಶಿಳ್ಳೆ ಹೊಡೆಯೋ ಮನಸ್ಸಾಗುತ್ತೆ? ಆದ್ರೆ ನಾವೇ ನಮ್ಮನ್ನ ತಡೀದೇ ಇದ್ರೆ ಕೊನೆಗೆ ಬರೋದು ಅದೇ. ಬಾಗಿಲಲ್ಲೇ ಫೋನ್ ಇಸ್ಕೊಳ್ಳೋದು, ಕ್ಯಾಮೆರಾ ಮೇಲೆ ಸ್ಟಿಕ್ಕರ್ ಅಂಟಿಸೋದು. ಆಮೇಲೆ "ಅಭಿಮಾನಿಗಳಿಗೆ ಅವಮಾನ" ಅಂತ ನಾವೇ ಪೋಸ್ಟ್ ಹಾಕ್ತೀವಿ.

ಅಭಿಮಾನಿಗಳನ್ನ ದೇವರು ಅಂತ ಕರೆದ ಮನೆತನದ ನಟರಿಗೆ ಜೈಕಾರ ಹಾಕೋರು ನಾವು. ಅಷ್ಟು ದೊಡ್ಡ ಹೆಸರು ಕೊಟ್ಟಿದ್ದಾರೆ. ಅದಕ್ಕೆ ತಕ್ಕ ಹಾಗೆ ಎರಡೂವರೆ ಗಂಟೆ ಫೋನ್ ಜೇಬಲ್ಲಿಡೋಕೆ ಆಗಲ್ವಾ?

10/10

ಬೈಯೋದು ಮುಗೀತು, ಈಗ ಬೇಡಿಕೆ. ಒಂದೇ ಒಂದು ನಿಯಮ: ಎರಡು ಭಾನುವಾರ.

ಸಿನಿಮಾ ಗುರುವಾರ ಬರ್ಲಿ, ಶುಕ್ರವಾರ ಬರ್ಲಿ, ಎರಡು ಭಾನುವಾರ ಕಳೆಯೋವರೆಗೂ ಅತಿಥಿ ನಟರ ಸೀನ್ ಬಗ್ಗೆ ಬಾಯಿ ಬಿಡ್ಬಾರದು. ಕ್ಲಿಪ್ ಬೇಡ, ಫೋಟೋ ಬೇಡ, ಸ್ಟೋರಿ ಬೇಡ, ಮುಖಕ್ಕೆ ಎಮೋಜಿ ಅಂಟಿಸಿ "ಯಾರು ಹೇಳಿ ನೋಡೋಣ" ಅನ್ನೋ ಆಟನೂ ಬೇಡ. ಮೊದಲ ಭಾನುವಾರ ಗಾರ್ಮೆಂಟ್ಸ್ ಅಕ್ಕನಿಗೆ. ಎರಡನೇ ಭಾನುವಾರ ಹೆಂಡತಿ ಮಕ್ಕಳನ್ನ ಕರ್ಕೊಂಡು ಬರೋ ಅಣ್ಣನಿಗೆ. ಹೆಚ್ಚು ಅಂದ್ರೆ ಹನ್ನೊಂದು ದಿನ. ಆಮೇಲೂ ಥಿಯೇಟರ್‌ನಲ್ಲಿ ಕದ್ದು ತೆಗೆದ ಕ್ಲಿಪ್ ಬೇಡ. ಚಿತ್ರತಂಡ ತಾನೇ ಬಿಟ್ಟ ವಿಡಿಯೋ ಇದ್ರೆ ಹಾಕಿ, ಎಡಿಟ್ ಮಾಡಿ, ಹಾಡು ಸೇರ್ಸಿ, ಹಬ್ಬ ಮಾಡಿ. ನಾನೇ ಬಂದು ಮೊದಲ ಲೈಕ್ ಒತ್ತುತೀನಿ.

ಈ ಪೇಜಿನ ಕಡೆಯಿಂದ ಇವತ್ತಿಂದಲೇ ಇದು ಜಾರಿ. ಇನ್ಬಾಕ್ಸ್‌ಗೆ ಥಿಯೇಟರ್ ಕ್ಲಿಪ್ ಕಳಿಸೋರು ಕಳಿಸ್ಬೇಡಿ, ಹಾಕಲ್ಲ. ಕಾಮೆಂಟ್‌ನಲ್ಲಿ ಗುಟ್ಟು ಬಿಟ್ರೆ ಡಿಲೀಟ್, ಎರಡನೇ ಸಲಕ್ಕೆ ಬ್ಲಾಕ್. ಬೇರೆ ಫ್ಯಾನ್ ಪೇಜ್ ಅಡ್ಮಿನ್‌ಗಳು ಇದನ್ನ ಓದ್ತಿದ್ರೆ, ನಿಮ್ಮ ನಟ ಬೇರೆ, ನಮ್ಮ ನಟ ಬೇರೆ ಇರಬಹುದು. ಭಾನುವಾರ ಎಲ್ಲರಿಗೂ ಒಂದೇ. ಈ ಒಂದು ವಿಷಯಕ್ಕೆ ಜೊತೆ ನಿಲ್ಲಿ.

ಮತ್ತೆ ನೀವು, ಮೊದಲ ದಿನ ಮೊದಲ ಶೋ ನೋಡಿ ಹೊರಗೆ ಬರೋರು. ಗೇಟ್ ಹತ್ತಿರ ಮುಂದಿನ ಶೋಗೆ ನಿಂತಿರೋ ಹುಡುಗ್ರು "ಹೆಂಗಿದೆ ಅಣ್ಣ?" ಅಂತ ಕೇಳೇ ಕೇಳ್ತಾರೆ. ಎಲ್ಲಾ ಗೊತ್ತಿದ್ದೂ ಏನೂ ಹೇಳದೇ, ಸುಮ್ನೆ ನಕ್ಕು, "ಹೋಗ್ರೋ, ಒಳಗೆ ಹೋಗಿ ನೋಡ್ರೋ" ಅಂತ ಹೇಳೋ ಗತ್ತೇ ಬೇರೆ. ಯಾವ ರೀಲ್ಸ್‌ಗೂ ಅಷ್ಟು ಗತ್ತು ಬರಲ್ಲ.

#ಎರಡುಭಾನುವಾರ #ಫೋನ್ಜೇಬಲ್ಲಿರಲಿ #ಶಿಳ್ಳೆಉಳಿಸಿ #ಕನ್ನಡಸಿನಿಮಾ